ಲಿಫ್ಟಿನೊಳಗಿನ ರಾಣಿ

ನಮ್ಮಣ್ಣ ತನ್ನ ಹಾರ್ಮೋನಿಯಂ ಪೇಟಿಯನ್ನು ಮಂಚದ ಕೆಳಗೆ ತಳ್ಳಿ, ಅದರ ಮೇಲೆ ಹಳೇ ಕಂಬಳಿ ಹೊದಿಸಿದ ದಿನ ಅತ್ತಿಗೆ ಗೋಡೆಯಾಚೆಯಿಂದಲೇ ನನ್ನನ್ನು ಕೂಗಿದಳು. ಕೊಟ್ಟೂರಿನಲ್ಲಿ ಅವರ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ.

"ಟೀಚರಮ್ಮಾ, ಏನ್ ಮಾಡಾಕತ್ತೀ? ಲಗೂನ ಬಾ. ನಿಮ್ಮಣ್ಣಾರು ಸನ್ಯಾಸಿ ಆಗ್ಯಾರ."

ಅಣ್ಣ ನಾಟಕದ ಮಾಸ್ತರ. ಸುಗ್ಗಿ ಮುಗಿದ ಮೇಲೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯ ಊರೂರಿಗೆ ಹೋಗಿ, ಹೊಲದಲ್ಲಿ ಎತ್ತುಗಳನ್ನು ಬೈದು ಬೈದು ಒಡೆದುಹೋದ ಗಂಟಲುಗಳಿಗೆ ಹಾಡು ಕಲಿಸಿ, ತಾಲೀಮು ಮಾಡಿಸಿ, ನಾಟಕದ ದಿನ ರಂಗದ ಮುಂದೆ ಪೇಟಿ ಹಿಡಿದು ಕೂರುವವನು. ನಮ್ಮ ಸೀಮೆಯಲ್ಲಿ ಎದೆಗೆ ಕತ್ತಿ ಚುಚ್ಚಿಸಿಕೊಂಡು ಚೆಂದಾಗಿ ಸಾಯುವ ಗಂಡಸರಲ್ಲಿ ಅರ್ಧಕ್ಕರ್ಧ ಮಂದಿಗೆ ಸಾಯುವುದನ್ನು ಕಲಿಸಿದವನು ಅವನೇ. ಅವನಿಗೆ ಕಲಿಸಿದವರು ನಮ್ಮಪ್ಪ. ಅಪ್ಪ ಪಡಸಾಲೆಯಲ್ಲಿ ಅಣ್ಣನಿಗೆ ಹೇಳಿಕೊಡುವಾಗ ನಾನು ಬಾಗಿಲ ಹಿಂದೆ ಕೂತು ಎಲ್ಲ ರಾಣಿಯರ ಹಾಡುಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ಒಂದು ಸಲ, ನಾನೂ ರಂಗದ ಮೇಲೆ ಹಾಡುತ್ತೇನೆ ಅಂದೆ. ಅಪ್ಪ ನನಗೆ ಇಂಗ್ಲಿಷ್ ಪುಸ್ತಕ ತಂದುಕೊಟ್ಟರು! ಹಾಗಾಗಿ ನಾನು ಟೀಚರಾದೆ. ಕೂಡ್ಲಿಗಿಯಲ್ಲಿ ರಿಟೈರ್ ಆಗುವ ತನಕ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಸಿಟ್ಟು ಬಂದಾಗ ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದೆ, ಅದನ್ನೇ ಅವರು ಚೆನ್ನಾಗಿ ಕಲಿತರು.

ಅಣ್ಣನ ಸನ್ಯಾಸಕ್ಕೆ ಕಾರಣ ಹಿರೇಹಡಗಲಿ ಕಡೆಯ ಒಂದು ಊರಿನ ನಾಟಕ ಮಂಡಳಿ. ಅದರ ಮುಂದಾಳು ಟ್ರ್ಯಾಕ್ಟರ್ ಗ್ಯಾರೇಜಿನವನು, ಪ್ರತಿ ವರ್ಷ ರಾಜನ ಪಾರ್ಟು ಅವನದೇ. ಆ ಬೆಳಿಗ್ಗೆ ಬಂದು ಚಾ ಕುಡಿದು, ಲೋಟ ಕೆಳಗಿಟ್ಟು, ನಿಧಾನಕ್ಕೆ ಹೇಳಿದ್ದನಂತೆ: "ಮಾಸ್ತರ, ಈಗಿನ ಮಂದಿ ಕುಂತು ಕೇಳಂಗಿಲ್ರಿ. ಹಾಡು ಪಲ್ಲವಿ ಅಷ್ಟ ಸಾಕ್ರಿ, ಚರಣ ಬ್ಯಾಡ. ಉಳಿದ ಟೈಮಿನಾಗ ಡಿಜೆ ಹಾಕ್ತೀವಿ."

"ಪಲ್ಲವಿ ಹಾಡಿ ಎದ್ದು ಹೋಗಾದು ಅಂದ್ರ, ಉಣ್ಣಾಕ ಕರದು ಕೈ ತೊಳಿಸಿ ಕಳಿಸಿದಂಗ ಆತು," ಅಂದನಂತೆ ಅಣ್ಣ. "ನಿಮ್ಮ ನಾಟಕ ನೀವ ಮಾಡ್ಕಳ್ರಪ. ನನ್ನ ಪೇಟಿ ಇನ್ನ ಮ್ಯಾಲೆ ಏಳಂಗಿಲ್ಲ."

ನಾನು ಮೊದಲು ನಕ್ಕೆ. ಅಣ್ಣನ ಶಪಥಗಳು ಊಟದ ಹೊತ್ತಿಗೆ ಕರಗಿಹೋಗುವ ಜಾತಿಯವು. ಆದರೆ ಇದು ಕರಗಲಿಲ್ಲ. ಬೇರೆ ಊರಿನವರು ಬಂದರೂ ಬಾಗಿಲಿನಲ್ಲೇ ಮಾತಾಡಿಸಿ ಕಳಿಸಿದ. ಕೂತಲ್ಲೇ ಬೆರಳುಗಳು ಮೊಣಕಾಲ ಮೇಲೆ ಓಡುತ್ತಿದ್ದವು, ನಾವು ನೋಡಿದರೆ ಮುಷ್ಟಿ ಕಟ್ಟಿಕೊಳ್ಳುತ್ತಿದ್ದ. "ನಾ ರೊಟ್ಟಿ ಬಡಿಯೋದ್ರಾಗೂ ತಾಳ ತಪ್ಪೈತಿ ಅಂತಾರ," ಅಂತ ಅತ್ತಿಗೆ ಅಳುಮೋರೆ ಮಾಡಿದಳು. ಪೇಟಿ ಆ ಕಂಬಳಿಯ ಕೆಳಗೇ ಉಳಿದರೆ ಅಣ್ಣನೂ ಅದರ ಕೆಳಗೇ ಉಳಿಯುತ್ತಾನೆ ಅನ್ನಿಸಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಗ ನನ್ನ ಗುಟ್ಟನ್ನು ಹೊರಗೆ ತೆಗೆಯಬೇಕಾಯಿತು.

ರಿಟೈರ್ ಆದ ಮೇಲೆ ನಾನೊಂದು ದೊಡ್ಡ ಟಿವಿ ತಂದಿದ್ದೆ, ಇಂಟರ್ನೆಟ್ ಇರುವಂಥದ್ದು. ಒಂದು ಮಧ್ಯಾಹ್ನ ಹಳೇ ಕಂಪನಿ ನಾಟಕದ ಹಾಡು ಹುಡುಕುತ್ತಿದ್ದಾಗ ಆ ಟಿವಿಗೆ ಏನು ತಿಳಿಯಿತೋ, ಇಟಲಿಯ ಒಂದು ಹಾಡುನಾಟಕ ತೋರಿಸಿತು. ಇನ್ನೂರು ವರ್ಷದ ಹಿಂದಿನದು. ಎಲ್ಲರೂ ಮರೆತು, ಯಾರೂ ಆಡದೆ ಮೂಲೆಗೆ ಬಿದ್ದಿದ್ದನ್ನು ಈಗಿನವರು ಎತ್ತಿ, ಆಡಿ, ಶೂಟಿಂಗ್ ಮಾಡಿ ಹಾಕಿದ್ದರು. ಒಂದು ನೋಡಿದೆ, ಇನ್ನೊಂದು ನೋಡಿದೆ, ಆಮೇಲೆ ಬಿಡಿ, ನನಗೆ ಹುಚ್ಚೇ ಹಿಡಿಯಿತು. ಆ ನಾಟಕಗಳಲ್ಲಿ ಮಾತು ಕಡಿಮೆ, ಕಥೆ ಅಷ್ಟಕ್ಕಷ್ಟೆ, ಎಲ್ಲ ಕಂಠದ ಮೇಲೇ ನಿಂತದ್ದು. ಹಾಡು ಹಳೆಯದು, ಬಟ್ಟೆ ಮಾತ್ರ ಇವತ್ತಿನದು. ಅರಮನೆ ಅಂದರೆ ಕಂಪ್ಯೂಟರ್ ಇಟ್ಟ ಆಫೀಸು! ರಾಜನಿಗೆ ಟೈ! ದಾಸಿಯರು ನೆಲ ಒರೆಸುವ ಕೋಲು ಹಿಡಿದು ಕೋರಸ್ ಹಾಡುತ್ತಾರೆ! ಸೇನಾಪತಿ ಕತ್ತಿ ಹಿರಿಯುತ್ತೇನೆ ಅಂತ ಹಾಡುತ್ತಾನೆ, ಕೈಯಲ್ಲಿ ನೋಡಿದರೆ ಸ್ಟೇಪ್ಲರ್! ನಾನೊಬ್ಬಳೇ ಸೋಫಾದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಗೋಡೆಯಾಚೆ ಅತ್ತಿಗೆ, ಟೀಚರಮ್ಮನಿಗೆ ಏನೋ ಆಗಿದೆ ಅಂದುಕೊಂಡಿದ್ದಳಂತೆ.

ಅಣ್ಣನನ್ನು ಕೈ ಹಿಡಿದು ಎಳೆದು ತಂದು ಟಿವಿ ಮುಂದೆ ಕೂರಿಸಿದೆ. ಅತ್ತಿಗೆ ಒಗ್ಗರಣೆ ಮಂಡಕ್ಕಿ ತಂದಳು. ಪರದೆಯ ಮೇಲೆ ಇಟಲಿ ಹಾಡು, ಅದರ ಕೆಳಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅದನ್ನು ಕನ್ನಡ ಮಾಡುವ ನಾನು.

"ಇದೇನಲೇ ತಂಗೀ, ರಾಜಗ ಕಿರೀಟಿಲ್ಲ, ಮೀಸಿಲ್ಲ. ಬಣ್ಣ ಹಚ್ಚಾಂವ ಬಂದಿಲ್ಲೇನು?" ಅಂದ ಅಣ್ಣ.

ಅಷ್ಟರಲ್ಲಿ ರಾಜ ತನ್ನ ರಾಣಿಯ ಮೇಲೆ ಸಂಶಯಪಟ್ಟು ಅವಳನ್ನು ಸೆರೆಗೆ ಹಾಕಿದ. ಸೆರೆಮನೆ ಯಾವುದು ಅಂತೀರಿ? ಆಫೀಸಿನ ಲಿಫ್ಟು. ಗಾಜಿನ ಲಿಫ್ಟು ಅರ್ಧಕ್ಕೆ ನಿಂತಿತು, ಒಳಗೆ ಕೆಂಪು ರೇನ್‌ಕೋಟಿನ ರಾಣಿ.

"ಕರೆಂಟ್ ಹೋತೇನು?" ಅಂದಳು ಅತ್ತಿಗೆ.

"ಇಲ್ಲ, ಜೈಲಿಗೆ ಹಾಕ್ಯಾರ."

"ಲಿಫ್ಟಿನಾಗ? ಅಯ್ಯ ನಮ್ಮವ್ವ, ಬಟನ್ ಒತ್ತಿ ಇಳದು ಬರಬಾರದಾ?"

ಮೂವರೂ ನಕ್ಕೆವು. ಅಣ್ಣನಿಗೆ ಮಂಡಕ್ಕಿ ನೆತ್ತಿಗೇರಿತು. ಎಷ್ಟು ದಿನದ ಮೇಲೆ ನಗುತ್ತಿದ್ದಾನೋ ಅಂತ ಅತ್ತಿಗೆ ಅವನ ಬೆನ್ನು ತಟ್ಟುತ್ತಲೇ ನನ್ನ ಕಡೆ ನೋಡಿದಳು.

ಆಗ ರಾಣಿ ಹಾಡಲು ಶುರು ಮಾಡಿದಳು. ನಿಧಾನವಾಗಿ, ಉಸಿರು ಎಲ್ಲಿ ಎಳೆದುಕೊಂಡಳು ಅಂತಲೇ ಗೊತ್ತಾಗದ ಹಾಗೆ.

"ಏನಂತಾಳ?"

"ಬಿಡಿಸಾಕ ಬರಬೇಕಾದಾಂವ ಬರಲಿಲ್ಲ ಅಂತಾಳ."

ಸ್ವಲ್ಪ ಹೊತ್ತು ಬಿಟ್ಟು, "ಈಗೇನಂತಾಳ?"

"ಅವನು ಬರಲಿಲ್ಲ."

"ಈಗ?"

"ಬರಲೇ ಇಲ್ಲ ಅಂತಾಳಪ್ಪಾ!"

ಅಣ್ಣ ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ರಾಣಿಯ ಮೊಬೈಲಿಗೆ ಮೆಸೇಜು ಬಂತು, ಅವನು ಬರುತ್ತಿದ್ದಾನೆ ಅಂತ. ಹಾಡಿಗೆ ಕಾಲು ಬಂತು ನೋಡಿ! ಓಡಿತು, ಕುಣಿಯಿತು, ಮುಗಿಯಿತು. ಮುಗಿದ ಮೇಲೆ ಅದನ್ನೇ ಮೊದಲಿನಿಂದ ಮತ್ತೆ ಎತ್ತಿಕೊಂಡಳು. ಈ ಸಲ ಪ್ರತಿ ಸಾಲಿಗೂ ಹೊಸ ತಿರುವು, ಹೊಸ ಏರಿಳಿತ. ಅಣ್ಣ ಎದ್ದೇ ನಿಂತ.

"ತಂಗೀ! ತಿರುಗಿ ಹಾಡಾಕತ್ತಾಳ! ಒನ್ಸ್ ಮೋರ್ ಯಾರೂ ಕೂಗಿಲ್ಲ, ತಾನಾ ಹಾಡಾಕತ್ತಾಳ! ಏ, ಇವರು ನಮ್ಮ ಮಂದಿನಲೇ!"

ಹಾಡು ಮುಗಿದಾಗ ಚಪ್ಪಾಳೆ ಬಿತ್ತು. ಆ ಹೆಂಗಸು ಎತ್ತಿದ ಕೈ ಎತ್ತಿದಂತೆಯೇ, ರೆಪ್ಪೆ ಅಲುಗಿಸದೆ ನಿಂತಳು. ಚಪ್ಪಾಳೆ ನಿಲ್ಲಲೇ ಇಲ್ಲ, ಅವಳೂ ಅಲುಗಲಿಲ್ಲ.

ಅಣ್ಣ ತಲೆಯಾಡಿಸಿದ. "ಆಯೇರಿ ಕೂಗಾಕತ್ತಾರ."

ನಮ್ಮ ಕಡೆಯ ನಾಟಕ ನೋಡದವರಿಗೆ ಇದನ್ನು ಹೇಳಬೇಕು. ಹಾಡು ಮೆಚ್ಚಿಗೆಯಾದರೆ ಜನ ಟವೆಲ್ಲು, ಕುಪ್ಪಸದ ಬಟ್ಟೆ, ಸೀರೆ ತಂದು ರಂಗದ ಮೇಲೇ ಉಡುಗೊರೆ ಕೊಡುತ್ತಾರೆ. ಅದೇ ಆಯೇರಿ. ನಾಟಕ ಅಲ್ಲಿಗೇ ನಿಲ್ಲುತ್ತದೆ. ಇಂಥವರಿಂದ ಇಂಥವರಿಗೆ ಇಂಥದ್ದು ಅಂತ ಮೈಕಿನಲ್ಲಿ ಕೂಗುತ್ತಾರೆ. ಸಾಯುತ್ತಿರುವ ಪಾತ್ರವಾದರೂ ಸರಿ, ಕೂಗಿ ಮುಗಿಯುವ ತನಕ ಸಾಯದೆ ಕಾಯಬೇಕು.

"ಅಲ್ಲಿ ಆಯೇರಿ ಇಲ್ಲಣ್ಣಾ, ಅದು ಬರೀ ಚಪ್ಪಾಳೆ," ಅಂದೆ.

"ನೀ ಇಂಗ್ಲಿಷ್ ಟೀಚರು, ನಿನಗೇನ ಗೊತ್ತು? ಬರೀ ಚಪ್ಪಾಳಿಗೆ ಯಾರರ ಹಂಗ ನಿಂದರತಾರೇನು? ಮೈಕಿನ ಮಾತು ವಿಡಿಯೋದಾಗ ಕಟ್ ಮಾಡ್ಯಾರ, ಅಷ್ಟ."

ವಾದ ಮಾಡಿ ಮಾಡಿ ನನಗೇ ಸಾಕಾಯಿತು. ಅಣ್ಣ ಒಪ್ಪಲಿಲ್ಲ. ಅವತ್ತು ಸಂಜೆ ಗೋಡೆಯಾಚೆಯಿಂದ ಪೇಟಿಯ ಸದ್ದು ಕೇಳಿತು, ಅದರ ಹಿಂದೆಯೇ ಅತ್ತಿಗೆಯ ಸೀನು. ಕಂಬಳಿಯ ಧೂಳು.

ಮರುದಿನ ಅಣ್ಣ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿ ಗ್ಯಾರೇಜಿಗೇ ಹೋದ. ಗ್ಯಾರೇಜಿನವನು ಟ್ರ್ಯಾಕ್ಟರ್ ಕೆಳಗಿನಿಂದ ತೆವಳಿ ಬಂದು ಗಾಬರಿಯಿಂದ ಕೈ ಒರೆಸಿಕೊಂಡ.

"ಬಟ್ಟಿ, ಸೀನರಿ ನಿಮ್ಮಿಷ್ಟ," ಅಂದ ಅಣ್ಣ. "ಅರಮನಿ ಬ್ಯಾಡಂದ್ರ ಬ್ಯಾಡ. ನಿನ್ನ ಗ್ಯಾರೇಜ ಅರಮನಿ ಆಗಲಿ. ಆದ್ರ ಹಾಡು ನನ್ನಿಷ್ಟ. ಒಂದು ಚರಣ ಬಿಡಂಗಿಲ್ಲ."

"ಮಂದಿ ಎದ್ದು ಹೋದ್ರ ಮಾಸ್ತರ?"

"ಎದ್ದು ಹೋದ್ರ ನನ್ನ ಪೇಟಿ ನಿನ್ನ ಗುಜರಿಗೆ ಹಾಕ್ಕ."

ಅಣ್ಣ ಅದನ್ನು ನಗುತ್ತ ಹೇಳಿದ. ಆದರೆ ಅವನನ್ನು ಬಲ್ಲ ನನಗೆ ನಗು ಬರಲಿಲ್ಲ.

ತಾಲೀಮಿನ ದಿನಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ರಾಜನಿಗೆ ಗ್ರೀಸು ಮೆತ್ತಿದ ಅಂಗಿ, ಸಿಂಹಾಸನ ಅಂದರೆ ಟ್ರ್ಯಾಕ್ಟರ್ ಸೀಟು, ಮಂತ್ರಿಯ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ. ರಾಣಿಯ ಪಾರ್ಟಿಗೆ ಹರಪನಹಳ್ಳಿಯಿಂದ ಕಲಾವಿದೆ ಬಂದಿದ್ದಳು. ಜರಿ ಸೀರೆ, ಕಿರೀಟ ಎಲ್ಲ ಪೆಟ್ಟಿಗೆಯಲ್ಲಿ ತಂದಿದ್ದವಳು ಗ್ಯಾರೇಜು ನೋಡಿ ಸೊಂಟಕ್ಕೆ ಕೈಯಿಟ್ಟುಕೊಂಡಳು. "ಏನ್ ಮಾಸ್ತರೇ, ನಾನು ರಾಣಿನೋ, ಪಂಚರ್ ಹಾಕೋಳೋ?" ಅಣ್ಣ ಅವಳಿಗೆ ನನ್ನ ಮೊಬೈಲಿನಲ್ಲಿ ಲಿಫ್ಟಿನ ರಾಣಿಯನ್ನು ತೋರಿಸಿದ. ಅವಳು ನೋಡಿದಳು, ಕಿರೀಟವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದಳು. ನಮ್ಮಲ್ಲಿ ಲಿಫ್ಟು ಎಲ್ಲಿಂದ ತರೋಣ? ಗ್ಯಾರೇಜಿನವನೇ ಉಪಾಯ ಹೇಳಿದ: ಕೆಟ್ಟುನಿಂತ ಎಟಿಎಂ. ಪ್ಲೈವುಡ್ಡಿಗೆ ಪ್ಲಾಸ್ಟಿಕ್ ಹಾಳೆ ಬಡಿದು ಸೆರೆಮನೆ ಮಾಡಿದರು.

ನಾಟಕದ ದಿನ ದೀಪ ಹಚ್ಚುವ ಹೊತ್ತಿಗೇ ಪರದೆ ಎದ್ದಿತು. ರಾಜ ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತು ನ್ಯಾಯ ಹೇಳಿದಾಗ ಜನ ಬಿದ್ದು ಬಿದ್ದು ನಕ್ಕರು. ರಾಣಿಯನ್ನು ಎಟಿಎಮ್ಮಿಗೆ ತಳ್ಳಿದಾಗ ಯಾರೋ, "ಅಲ್ಲಿ ಕ್ಯಾಶ್ ಇಲ್ಲ ಬಿಡವ್ವ!" ಅಂತ ಕೂಗಿದರು. ಇಲ್ಲಿಯವರೆಗೆ ಎಲ್ಲ ಸಲೀಸು. ಇನ್ನು ಹಾಡು. ಕಾದು ಕಾದು ಸೋತ ರಾಣಿಯ ಹಾಡು, ಅಪ್ಪನ ಕಾಲದ್ದು, ಪಲ್ಲವಿಯ ಹಿಂದೆ ಉದ್ದುದ್ದ ಚರಣಗಳು.

ಪಲ್ಲವಿ ಮುಗಿಯಿತು. ಮೊದಲ ಚರಣಕ್ಕೆ ಹಿಂದಿನ ಸಾಲಿನಲ್ಲಿ ನಾಲ್ಕಾರು ಹುಡುಗರು ಎದ್ದರು. ಪಕ್ಕದಲ್ಲಿದ್ದ ಅತ್ತಿಗೆ ನನ್ನ ಕೈ ಹಿಸುಕಿ ಹಿಸುಕಿ ಬಳೆ ಒತ್ತಿದ ಗುರುತು ಮೂಡಿಸಿದಳು. ಅಣ್ಣ ತಲೆ ಎತ್ತಲಿಲ್ಲ. ಎದ್ದ ಹುಡುಗರು ಹೋಗಲಿಲ್ಲ, ನಿಂತೇ ಕೇಳಿದರು, ಒಬ್ಬ ಮೊಬೈಲನ್ನು ಜೇಬಿಗೆ ಹಾಕಿದ. ರಾಣಿ ಕೊನೆಯ ಚರಣವನ್ನು ಓಡಿಸಿ, ಕುಣಿಸಿ, ಕೈ ಮೇಲೆತ್ತಿ ಮುಗಿಸಿದಳು.

"ಒನ್ಸ್ ಮೋರ್!"

ಕೂಗಿದವನು ಯಾರು ಅಂತೀರಿ? ರಾಜ! ಪರದೆಯ ಮರೆಯಲ್ಲಿದ್ದ ಗ್ಯಾರೇಜಿನವನು ತನ್ನ ಪಾರ್ಟನ್ನೇ ಮರೆತು, ತಾನೇ ಸೆರೆಗೆ ಹಾಕಿದ ರಾಣಿಗೆ ರಂಗದ ನಡುವೆ ಬಂದು ಒನ್ಸ್ ಮೋರ್ ಕೂಗಿದ್ದ. ಜನ ಸುಮ್ಮನಿರುತ್ತಾರೆಯೇ? ಇಡೀ ಬಯಲು ಕೂಗಿತು. ಅಣ್ಣ ಪೇಟಿಯ ಮೇಲೆ ಹಣೆ ಇಟ್ಟ. ಆಮೇಲೆ ಪೂರ್ತಿ ಹಾಡನ್ನು, ಚರಣ ಒಂದೂ ಬಿಡದೆ, ಇನ್ನೊಂದು ಸಲ ನುಡಿಸಿದ.

ಆಯೇರಿ ಸುರಿಯಿತು. ಟವೆಲ್ಲು, ಶಾಲು, ಕುಪ್ಪಸದ ಬಟ್ಟೆ. ರಾಣಿ ಎತ್ತಿದ ಕೈ ಇಳಿಸದೆ, ಅಣ್ಣ ಕಲಿಸಿದಂತೆಯೇ ನಿಂತಿದ್ದಳು. ಆಗ ಅಣ್ಣ ಎದ್ದು ಹೋಗಿ ಮೈಕಿನವನ ಕಿವಿಯಲ್ಲಿ ಏನೋ ಹೇಳಿದ. ಮೈಕಿನವನು ಒಂದು ಸಲ ಅವನ ಮುಖ ನೋಡಿ, ಗಂಟಲು ಸರಿಮಾಡಿಕೊಂಡ.

"ಇಟಲಿ ದೇಶದಾಗ ಲಿಫ್ಟಿನ ಒಳಗ ನಿಂತು ಹಾಡಿದ, ರಾಣಿ ಪಾರ್ಟಿನ ಕಲಾವಿದರಿಗೆ, ಕೊಟ್ಟೂರಿನ ಪೇಟಿ ಮಾಸ್ತರಿಂದ ಒಂದು ಇಳಕಲ್ ಸೀರಿ ಆಯೇರಿ! ಅವರು ದೂರ ಇರೋದರಿಂದ, ಅವರ ಬದಲಿ ಮಾಸ್ತರ ತಂಗಿ, ನಮ್ಮ ಟೀಚರಮ್ಮಾರು, ರಂಗಕ್ಕ ಬಂದು ತಗೋಬೇಕ್ರಿ!"

ನನಗೆ ಯಾರೂ ಏನೂ ಹೇಳಿರಲಿಲ್ಲ. ಅತ್ತಿಗೆ ಮಾತ್ರ ಬೆನ್ನಿಗೆ ಕೈಕೊಟ್ಟು ನೂಕುತ್ತಿದ್ದಳು, ಕಳ್ಳಿ, ಸೀರೆ ಆರಿಸಿದವಳೇ ಅವಳು. ಕೆಂಪು ಸೀರೆ, ಆ ರೇನ್‌ಕೋಟಿನ ಬಣ್ಣದ್ದೇ. ಈ ವಯಸ್ಸಿಗೆ ಮೊದಲ ಸಲ ರಂಗದ ಮೆಟ್ಟಿಲು ಹತ್ತಿದೆ. ಅಣ್ಣ ನನ್ನ ಎರಡೂ ಕೈಗೆ ಸೀರೆ ಇಟ್ಟು, "ಕೂಗಿ ಮುಗಿಯೋತನಕ ಅಲುಗಾಡಬ್ಯಾಡ," ಅಂದ. ಲೈಟಿನಲ್ಲಿ ಕಣ್ಣು ಕುಕ್ಕಿ ಜನ ಯಾರೂ ಕಾಣುತ್ತಿರಲಿಲ್ಲ. ನಾನು ಅಲುಗಾಡದೆ ನಿಂತೆ.

"ಅಕ್ಕಾರ, ಒಂದು ಹಾಡ್ರಿ!" ಅಂತ ಕತ್ತಲಿನಿಂದ ಯಾರೋ ಕೂಗಿದರು.

ಬೇಡ ಅನ್ನಲು ಅಣ್ಣನ ಕಡೆ ನೋಡಿದೆ. ಅವನಾಗಲೇ ಕೆಳಗಿಳಿದು ಕೂತು, ಅಪ್ಪ ಹೇಳಿಕೊಡುವಾಗ ನಾನು ಬಾಗಿಲ ಹಿಂದೆ ಕಲಿತ ರಾಣಿಯ ಹಾಡೊಂದಕ್ಕೆ ಶ್ರುತಿ ಹಿಡಿದಿದ್ದ. ಹಾಡಿದೆ. ಪಲ್ಲವಿ ಅಷ್ಟೇ ಅಲ್ಲ, ಎಲ್ಲ ಚರಣಗಳನ್ನೂ ಹಾಡಿದೆ.