ಹನ್ನೊಂದನೆಯ ರೊಟ್ಟಿ

ರೊಟ್ಟಿ ಬಡಿಯುವಾಗ ನಾನು ಇಂಗ್ಲಿಷಿನಲ್ಲಿ ಎಣಿಸುತ್ತೇನೆ. ಕಾನ್ವೆಂಟಿನಲ್ಲಿ ಅಂಟಿದ ಚಟ. ಬಬಲೇಶ್ವರದ ಅತ್ತೆ ಇದ್ದಾಗ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಈಗ ಕೇಳುವವರಿಲ್ಲ, ಬಾಯಿಬಿಟ್ಟೇ ಎಣಿಸುತ್ತೇನೆ.

ಒಣದ್ರಾಕ್ಷಿಯ ಹಂಗಾಮು ಬಂತೆಂದರೆ ನಮ್ಮ ಮನೆಯವರು ತಿಕೋಟಾದ ಶೆಡ್ಡಿನಲ್ಲೇ ಉಳಿಯುತ್ತಾರೆ. ಅವರಿಗೂ ಇಬ್ಬರು ಆಳುಗಳಿಗೂ ಹತ್ತು ರೊಟ್ಟಿ ಕಟ್ಟಿ, ಡಬ್ಬಿಯ ಮೇಲೆ ಹೆಸರು ಬರೆದು, ಒಂಬತ್ತರ ಬಸ್ಸಿಗೆ ಕೊಟ್ಟು ಬರುತ್ತೇನೆ. ಬುತ್ತಿ ಡ್ರೈವರನ ಪಕ್ಕದಲ್ಲಿ ರಾಜನ ಹಾಗೆ ಕೂತು ಹೋಗುತ್ತದೆ. ಹನ್ನೊಂದನೆಯ ರೊಟ್ಟಿ ವಿಜಯಪುರದಲ್ಲಿ, ನನ್ನ ಜೊತೆ.

ನಮ್ಮ ಇಂಗ್ಲಿಷ್ ಸಿಸ್ಟರ್ ಒಮ್ಮೆ ಹೇಳಿದ್ದರು: ಥರ್ಟೀನ್‌ನಿಂದ ಮುಂದೆ ಎಲ್ಲರ ಬೆನ್ನಿಗೂ ‘ಟೀನ್’ ಎಂಬ ಹತ್ತು ನಿಂತಿದೆ, ಇಲೆವನ್, ಟ್ವೆಲ್ವ್‌ಗಳಿಗೆ ಆ ಆಸರೆ ಇಲ್ಲ. ಹಿಂದಿನವರು ಹತ್ತು ಎಣಿಸಿ ಮುಗಿಸಿ, ‘ಒಂದು ಉಳಿಯಿತು’ ಎಂದರಂತೆ. ಆ ‘ಉಳಿಯಿತು’ ಸವೆದು ಸವೆದು ‘ಲೆವನ್’ ಎಂಬ ಬಾಲವಾಯಿತು. ಟ್ವೆಲ್ವ್ ಎಂದರೆ ‘ಎರಡು ಉಳಿದವು’. ನಮ್ಮ ಹನ್ನೊಂದು ಹಾಗಲ್ಲ, ಹತ್ತರ ಮಗ್ಗುಲಲ್ಲೇ ಒಂದಕ್ಕೆ ಜಾಗವಿದೆ. ಆದರೂ ಮಧ್ಯಾಹ್ನ ತಟ್ಟೆಯೆದುರು ಕೂತಾಗ ನನಗೆ ಇಂಗ್ಲಿಷಿನದೇ ಸರಿಯೆನಿಸುತ್ತಿತ್ತು.

ಮೊನ್ನೆ ಯಾವ ಧ್ಯಾನದಲ್ಲಿದ್ದೆನೋ, ಹನ್ನೊಂದನ್ನೂ ಕಟ್ಟಿ ಕಳಿಸಿಬಿಟ್ಟೆ. ಮಧ್ಯಾಹ್ನ ಫೋನು. ಹಂಗಾಮಿನಲ್ಲಿ ಅವರು ಫೋನು ಮಾಡುವುದು ಡಬ್ಬಿ ಮುಟ್ಟದಿದ್ದಾಗ ಮಾತ್ರ.

“ಹನ್ನೊಂದು ಬಂದಾವಲ್ಲ. ನಿನಗೇನು ಉಳೀತು?”

ಇವರು ಎಣಿಸುತ್ತಾರೆಂದೇ ನನಗೆ ಗೊತ್ತಿರಲಿಲ್ಲ. “ನಂದು ಊಟ ಆತ್ರಿ,” ಎಂದು ಸುಳ್ಳು ಹೇಳಿ, ಕಣ್ಣೊರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದೆ.

ಗೋಡೆಯಾಚೆ ಶಮೀಮಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರ ಯಜಮಾನರದೂ ದ್ರಾಕ್ಷಿ ವ್ಯಾಪಾರವೇ, ಈಗ ತಿಕೋಟಾದಲ್ಲೇ ಠಿಕಾಣಿ. ಊಟವಾಯಿತೇ ಎಂದು ಕೇಳಿದೆ.

“ಒಬ್ಬಾಕಿಗೆ ಏನ್ ಒಲಿ ಹಚ್ಚೂದ್ರಿ? ಚಾದಾಗ ಬಟರ್ ಬಿಸ್ಕೀಟ್ ಅದ್ದಿ ತಿಂದೇನಿ. ನಿಮ್ದು?”

ನನಗೆ ಇವತ್ತು ಅದೂ ಇಲ್ಲ ಎಂದೆ. ಅವರು ನಗುತ್ತ ಒಳಗೆ ಹೋಗಿ ಬಟರ್ ಪುಡಿಕೆ ತಂದು ಗೋಡೆಯ ಮೇಲಿಟ್ಟರು. ಎಷ್ಟು ಹಂಗಾಮು ಆ ಗೋಡೆಯ ಎರಡೂ ಬದಿ ನಾವು ಒಬ್ಬೊಬ್ಬರೇ ಉಂಡಿದ್ದೇವೋ!

ಮರುದಿನ ಬೆಳಿಗ್ಗೆ ಹಿಟ್ಟು ಕಲಸುವಾಗಲೇ ಒಂದು ಹಿಡಿ ಹೆಚ್ಚು ಹಾಕಿದೆ. ಇಲೆವನ್ ಎಂದು ಹೇಳಿ ನಿಲ್ಲಿಸಲಿಲ್ಲ. ಹತ್ತು ಎಂದಿನಂತೆ ಬಸ್ಸಿಗೆ ಹೋದವು. ಮಧ್ಯಾಹ್ನ ಗೋಡೆಯ ಬಳಿ ನಿಂತು ಶಮೀಮಕ್ಕನನ್ನು ಕೂಗಿದೆ. ಉಳಿಯುವುದು ಹೇಗೂ ತಪ್ಪಿದ್ದಲ್ಲ. ಆದರೆ ಎರಡು ಉಳಿದರೆ ಅದನ್ನು ಊಟ ಎನ್ನಬಹುದು.