ಮೊಳಕೈ ಕಂಡ ಬಿಸಿಲು

ಸಿರುಗುಪ್ಪದ ನಮ್ಮ ಓಣಿಗೆ ಸ್ನಾನದ ಪುಡಿ ಮಾರುವ ಮುದುಕಿ ಬರುತ್ತಿದ್ದಳು. ಕಡಲೆಹಿಟ್ಟು, ಕಚೋರ, ಬಾವಂಚಿ ಬೀಜ, ಎಲ್ಲ ತಾನೇ ಕುಟ್ಟಿದ್ದು. ಕೇಳಿದ ಕೂಡಲೇ ಕೊಡುತ್ತಿರಲಿಲ್ಲ. ಗಿರಾಕಿಯ ಮೊಳಕೈ ಒಳಮಡಿಕೆಗೆ ಚಿಟಿಕೆ ಪುಡಿ ಕಲಸಿ ಹಚ್ಚಿ, "ಎರಡು ದಿನ ತಾಳ್ರಿ, ತೊಗಲು ಏನಂತೈತಿ ನೋಡೂಣು" ಎನ್ನುತ್ತಿದ್ದಳು.

ಮದುವೆ ಗೊತ್ತಾಗಿದ್ದ ನಮ್ಮಕ್ಕನಿಗೂ ಹಚ್ಚಿದಳು. ಏನೂ ಆಗಲಿಲ್ಲ. ಆಮೇಲೆ ಅಕ್ಕ ಮುಖಕ್ಕೆ ಪುಡಿ ಹಚ್ಚಿ ತೊಳೆದುಕೊಂಡು, ಮಾಳಿಗೆಯ ಬಿಸಿಲಲ್ಲಿ ಮೆಣಸಿನಕಾಯಿ ಹರವಿದಳು. ಎರಡೇ ದಿನದಲ್ಲಿ ಕೆನ್ನೆ ಕೆಂಪಾಗಿ ಕಪ್ಪಿಟ್ಟಿತು. ಮದುವೆ ಮುಂದೆ ಹೋಯಿತು.

ಅವ್ವ ಬೈದಾಗ ಮುದುಕಿ ಅಕ್ಕನ ಮೊಳಕೈ ತಿರುಗಿಸಿ ನೋಡಿ, "ಇದು ಕುಪ್ಪಸದ ನೆಳ್ಳಾಗ ಇತ್ರಿ" ಎಂದಷ್ಟೇ ಹೇಳಿ ಹೋದಳು.

ತಿಂಗಳ ನಂತರ ಮತ್ತೆ ಬಂದಳು. "ಪುಡ್ಯಾಗಿನ ಒಂದೊಂದು ಸಾಮಾನೂ ಬ್ಯಾರೆಬ್ಯಾರೆ ಹಚ್ಕೊಂಡು ಬಿಸಿಲಿಗೆ ಕುಂತಿದ್ನ್ರಿ ಅವ್ವಾರ. ಬಾವಂಚಿ ಹಚ್ಚಿದಲ್ಲಷ್ಟ ಬಿಸಿಲಿಗೆ ಸುಟ್ಟೈತಿ. ಪುಡ್ಯಾಗಿಂದ ಅದನ್ನ ತಗದೀನಿ" ಎಂದಳು.

ಅವಳ ಮೊಳಕೈಯಲ್ಲಿ ಅಕ್ಕನ ಕೆನ್ನೆಯದೇ ಕಪ್ಪಿತ್ತು.