ಪಲ್ಪರ್ ಮನೆಯ ಚಪ್ಪಲಿ

ಅವರ ಬಲಗೈ ಯಾವ ವಸ್ತುವನ್ನೂ ನೇರವಾಗಿ ಹಿಡಿಯುತ್ತಿರಲಿಲ್ಲ. ಕಬ್ಬಿಣದ ಗೇಟಾಗಲಿ, ಫ್ರಿಜ್ಜಿನ ಬಾಗಿಲಾಗಲಿ, ಮೊದಲು ಬೆರಳುಗಳ ಹಿಂಬದಿಯನ್ನು ಸೋಕಿಸಿ, ಒಂದು ಕ್ಷಣ ತಡೆದು, ಆಮೇಲೆ ಹಿಡಿಯುತ್ತಿದ್ದರು. ಎಡಗೈ ಅಷ್ಟು ಹೊತ್ತೂ ಬೆನ್ನ ಹಿಂದೆ. ನಮ್ಮತ್ತೆ ಕಾಫಿ ಲೋಟ ಕೊಟ್ಟಾಗಲೂ ಅದೇ ಪರೀಕ್ಷೆ. “ಕಾಫೀಲಿ ಕರೆಂಟಿಲ್ಲ, ಧೈರ್ಯವಾಗಿ ಕುಡೀರಿ,” ಎಂದು ಅತ್ತೆ ಛೇಡಿಸಿದರೆ, “ಅಂಗೈಲಿ ಮುಟ್ಟಿದ್ರೆ ಕರೆಂಟು ಮುಷ್ಟಿ ಕಟ್ಟಿಸ್ಬಿಡತ್ತೆ ಅಮ್ಮ, ಬಿಡಿಸ್ಕೊಳ್ಳೋಕೆ ಆಗಲ್ಲ,” ಎನ್ನುತ್ತಿದ್ದರು.

ಜಾವಳಿಯಿಂದ ಕಳಸದವರೆಗಿನ ತೋಟದ ಮನೆಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ವೈರಿಂಗಿನವರು. ಮೊಪೆಡ್ಡಿನ ಹಿಂದೆ ಒಂದು ಚೀಲ ಉಪ್ಪು, ಒಂದು ಚೀಲ ಇದ್ದಿಲು ಕಟ್ಟಿಕೊಂಡು ಬರುವರು. ಬೇರೆಯವರು ಬಂದ ಕೂಡಲೇ ಸ್ವಿಚ್ ಬೋರ್ಡ್ ಬಿಚ್ಚಿದರೆ, ಇವರು ಅಂಗಳದಲ್ಲೇ ನಿಂತು, “ಅರ್ತಿನ ಗುಂಡಿ ಎಲ್ಲಿದೆ?” ಎಂದು ಕೇಳುವರು. ಕರೆಂಟು ದಾರಿ ತಪ್ಪಿದರೆ ಅದನ್ನು ನೆಲಕ್ಕೆ ಇಳಿಸುವ ತಂತಿ, ಆ ತಂತಿ ಹೋಗಿ ಸೇರುವ ಗುಂಡಿ. ಅವರ ಪ್ರಕಾರ ಮನೆ ಶುರುವಾಗುವುದೇ ಅಲ್ಲಿಂದ. “ಅರ್ತ್ ಇಲ್ದಿದ್ರೆ ಅನರ್ಥ” ಎಂಬುದು ಅವರ ಮಂತ್ರ. ಬೆನ್ನ ಹಿಂದೆ ಜನ, “ಗುಂಡಿ ತೋಡೋರು ಬಂದ್ರು, ಹೋಗಿದ್ದು ಯಾರು?” ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಹೇಳಬಾರದು.

ನಾನು ಸೊಸೆಯಾಗಿ ಬಂದ ಮನೆಯಲ್ಲಿ ಪಲ್ಪರಿನ ಉಸ್ತುವಾರಿ ನನ್ನದಾಗಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ನು ಅದು. ಮನೆಯಿಂದ ಒಂದು ಕೂಗಳತೆ ದೂರದಲ್ಲಿ ಅದಕ್ಕೆ ಬೇರೆಯೇ ಶೆಡ್ಡು. ಕುಯ್ದ ಹಣ್ಣು ಅದೇ ದಿನ ಪಲ್ಪಾಗಬೇಕು, ಇಲ್ಲದಿದ್ದರೆ ಹುಳಿ ಬಂದು ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಕೆಡುತ್ತದೆ. ಹಾಗಾಗಿ ಕುಯ್ಲಿನಲ್ಲಿ ಶೆಡ್ಡಿನ ನೆಲದ ಮೇಲೆ ಸದಾ ನೀರು. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ನೇತಾಡುತ್ತಿತ್ತು. ಮೆಷಿನ್ ಮುಟ್ಟುವವರು ಅದನ್ನು ಮೆಟ್ಟಿಕೊಂಡೇ ಮುಟ್ಟಬೇಕು, ಇಲ್ಲದಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ದೇವರ ಮನೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಪಲ್ಪರ್ ಮನೆಗೆ ಮೆಟ್ಟಿ ಹೋಗಬೇಕು, ಅಷ್ಟೇ.

ತೊಂಬತ್ತರ ದಶಕದ ನಡುವೆ ಒಂದು ವರ್ಷ, ಕುಯ್ಲಿನ ಭರದಲ್ಲೇ ಹಳೇ ಮೋಟಾರು ಸುಟ್ಟುಹೋಯಿತು. ಹೊಸದನ್ನು ತಂದು, ಕನೆಕ್ಷನ್ ಕೊಡಲು ವೈರಿಂಗಿನವರನ್ನು ಬೆಳಿಗ್ಗೆಯೇ ಕರೆಸಿದೆವು. ಅವರು ಶೆಡ್ಡಿನ ಬಾಗಿಲಲ್ಲೇ ನಿಂತರು.

“ಈ ಚಪ್ಪಲಿ ಯಾರದ್ದು?”

“ಪಲ್ಪರಿಂದು,” ಎಂದೆ.

ಅವರು ನಗಲಿಲ್ಲ. ಚೀಲದಿಂದ ಎರಡು ತಂತಿ ಕಟ್ಟಿದ್ದ ಬಲ್ಬು ತೆಗೆದು, ಒಂದು ತುದಿಯನ್ನು ಕರೆಂಟಿಗೆ, ಇನ್ನೊಂದನ್ನು ಮನೆಯಿಂದ ಬಂದಿದ್ದ ಅರ್ತಿನ ತಂತಿಗೆ ಹಿಡಿದರು. ಅರ್ತು ಸರಿಯಿದ್ದರೆ ಅದು ಉರಿಯಬೇಕು. ಬಲ್ಬು ಮಿಣುಕಲೂ ಇಲ್ಲ. ತಂತಿಯ ಜಾಡು ಹಿಡಿದು ಮನೆಯವರೆಗೂ ನಡೆದರು. ಅದು ಬಚ್ಚಲ ಹಿಂದಿನ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿತ್ತು. ಬಹಳ ಹಿಂದೆ ಮಾವನವರೇ ಮಾಡಿಸಿದ್ದ ಏರ್ಪಾಡು. ಆದರೆ ಆ ಪೈಪು ಈಗ ಮೊಳದುದ್ದ ಮಾತ್ರ ಕಬ್ಬಿಣ. ಮಣ್ಣೊಳಗೆ, ಗುಡ್ಡದ ನೀರು ತರಲು ನಾವೇ ಹಾಕಿಸಿದ ಕರಿ ಪ್ಲಾಸ್ಟಿಕ್ ಪೈಪು. ನಮ್ಮ ಅರ್ತು ನೆಲವನ್ನೇ ಮುಟ್ಟಿರಲಿಲ್ಲ.

“ಗೌಡ್ರೆ, ಮನೆಗೊಂದು ಗುಂಡಿ, ಪಲ್ಪರ್ ಮನೆಗೊಂದು. ಎರಡನ್ನೂ ತಂತೀಲಿ ಕೂಡಿಸ್ಬೇಕು. ಶೆಡ್ಡಿಂದು ಇವತ್ತೇ ಆಗ್ಬೇಕು, ಆಮೇಲೆ ಕನೆಕ್ಷನ್.”

ಮಾವನವರಿಗೆ ರೇಗಿತು. “ಹಣ್ಣು ರಾಶಿ ಬಿದ್ದಿದೆ ಮಾರಾಯ. ಮೊದ್ಲು ಮೆಷಿನ್ ತಿರುಗ್ಲಿ, ಗುಂಡಿ ಕುಯ್ಲು ಮುಗಿದ್ಮೇಲೆ ನೋಡುವ. ಅಷ್ಟಕ್ಕೂ ಮನೇಲಿ ಮಾಡಿದ್ರೆ ಸಾಲ್ದಾ, ಶೆಡ್ಡಿಗೂ ಎಂತಕ್ಕೆ?”

“ನೀವು ಮನೇಲಿ ಉಂಡ್ರೆ ಶೆಡ್ಡಲ್ಲಿ ದುಡಿಯೋರ ಹೊಟ್ಟೆ ತುಂಬತ್ತಾ ಗೌಡ್ರೆ?” ಎಂದವರೇ ಶೆಡ್ಡಿನ ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗಿಳಿಸಿ, ಜಗಲಿಯ ಮೇಲೆ ಹೋಗಿ ಕುಳಿತರು.

ಮಾವನವರ ಎದುರು ಹಾಗೆ ಕೂತವರನ್ನು ನಾನು ನೋಡಿರಲಿಲ್ಲ. ಶೆಡ್ಡಿನ ಬಳಿ ಐದು ಜನ ಹೆಂಗಸರು ಬರಿಗಾಲಲ್ಲಿ ಕಾಯುತ್ತಿದ್ದರು. ನಾವು ಆರು ಜನ, ಚಪ್ಪಲಿ ಒಂದೇ ಜೊತೆ. ಇಷ್ಟು ವರ್ಷ ಕಣ್ಣೆದುರೇ ಇದ್ದದ್ದು ಅವತ್ತು ಹೊಳೆಯಿತು.

“ಮಾವ, ಗುಂಡಿ ತೋಡ್ಸಿ. ನಾನಿನ್ನು ಆ ಚಪ್ಪಲಿ ಮೆಟ್ಟಲ್ಲ, ಮೆಷಿನ್ನೂ ಮುಟ್ಟಲ್ಲ,” ಎಂದೆ.

ಮದುವೆಯಾಗಿ ಆರು ವರ್ಷಕ್ಕೆ ನಾನು ಕೊಟ್ಟ ಮೊದಲ ಎದುರುತ್ತರ ಅದು. ಅವರು ನನ್ನ ಮುಖವನ್ನೊಮ್ಮೆ, ವೈರಿಂಗಿನವರ ಜೇಬನ್ನೊಮ್ಮೆ ನೋಡಿದರು. ಆಮೇಲೆ ಆಳುಗಳನ್ನು ಕೂಗಿ ಹಾರೆ ಗುದ್ದಲಿ ತರಿಸಿದರು.

ಮಧ್ಯಾಹ್ನದ ಹೊತ್ತಿಗೆ ಎಂಟಡಿ ಗುಂಡಿಯಾಯಿತು. ಪೈಪು ಇಳಿಸಿ, ತೇವ ನಿಲ್ಲಲೆಂದು ಸುತ್ತ ಇದ್ದಿಲು, ಉಪ್ಪು, ಮಣ್ಣು ಪದರ ಪದರವಾಗಿ ತುಂಬಿದರು. ಹೆಂಗಸರು ಕೊಡಗಟ್ಟಲೆ ನೀರು ಹೊಯ್ದರು. ವೈರಿಂಗಿನವರು ಮತ್ತೆ ಬಲ್ಬು ಹಿಡಿದರು. ಅದು ಶೆಡ್ಡಿನ ಮೂಲೆ ಮೂಲೆ ಬೆಳಗುವಂತೆ ಉರಿಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. “ಉರೀತಲ್ಲ ಮಾರಾಯ,” ಎಂದರು ಮಾವ, ಗುಂಡಿಯ ಉಪಾಯ ತಮ್ಮದೇ ಎನ್ನುವ ಗತ್ತಿನಲ್ಲಿ.

ಮೋಟಾರು ಓಡಿತು. ತಾವು ಮೊದಲು ಸೋಕಿ ನೋಡಿ, ವೈರಿಂಗಿನವರು ನನ್ನನ್ನು ಕರೆದರು. “ಬರಿಗಾಲಲ್ಲೇ ಬನ್ನಿ ಅಮ್ಮ. ಅಂಗೈ ಇಡಿ.” ನೀರಲ್ಲಿ ನಿಂತು ಇಟ್ಟೆ. ಮೆಷಿನ್ನಿನ ಅದುರು ಬಿಟ್ಟರೆ ಬೇರೇನೂ ಇಲ್ಲ. ಗೆದ್ದ ಖುಷಿಯಲ್ಲಿ ಉಳಿದ ಹೆಂಗಸರನ್ನೂ ಕೂಗಿ ಕರೆದೆ. ಹೊತ್ತು ಮುಳುಗುವುದರೊಳಗೆ ಹಣ್ಣೆಲ್ಲ ಪಲ್ಪಾಯಿತು. ಚಪ್ಪಲಿಯನ್ನು ಅತ್ತೆ ಬಚ್ಚಲಿಗೆ ಇಟ್ಟುಕೊಂಡರು.

ಮರುದಿನ ಮನೆಗೂ ಗುಂಡಿಯಾಯಿತು. ಎರಡೂ ಕಡೆ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚೂ ಬಂತು. ಮಾವನವರಂತೂ ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ಸಂಸೆಯ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತು, ಪಕ್ಕದವರನ್ನು, “ನಿಮ್ಮಲ್ಲಿ ಗುಂಡಿ ಎಷ್ಟು?” ಎಂದು ವಿಚಾರಿಸಿದರು. ವರ್ಷ ಕಳೆಯುವುದರಲ್ಲಿ ಸುತ್ತಿನ ಪಲ್ಪರ್ ಮನೆಗಳಲ್ಲೆಲ್ಲ ಉಪ್ಪು ಇದ್ದಿಲು ನೆಲ ಸೇರಿತ್ತು. ವೈರಿಂಗಿನವರನ್ನು ನೋಡಿ ನಗುವವರು ಯಾರೂ ಉಳಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರು ಕಾಯಿಲೆ ಬಿದ್ದು ತೀರಿಕೊಂಡರು. ಮಾವನವರು ಹೋಗಿ ಹೆಗಲು ಕೊಟ್ಟು ಬಂದರು.

ಮುಂದಿನ ಕುಯ್ಲಿನಲ್ಲಿ ಒಂದು ಮಧ್ಯಾಹ್ನ ಮೆಷಿನ್ನು ಇದ್ದಕ್ಕಿದ್ದಂತೆ ನಿಂತಿತು. ನನ್ನ ಎರಡೂ ಕೈ ಅದರ ಮೇಲೇ ಇತ್ತು, ಕಾಲಡಿ ನೀರು. ನೋಡಿದರೆ ವೈರಿಂಗಿನವರು ಹಾಕಿದ್ದ ಸ್ವಿಚ್ಚು ತಾನೇ ಬಿದ್ದಿತ್ತು. ಮೂಡಿಗೆರೆಯಿಂದ ಬಂದ ರಿಪೇರಿಯವರು ಮೋಟಾರು ಬಿಚ್ಚಿದರು. ಇಲಿ ಕಡಿದ ತಂತಿ ಅದರ ಮೈಗೆ ತಾಗಿ ಕೂತಿತ್ತು.

“ಅರ್ತು ಮಾಡಿದ್ದು ಯಾರು ಅಮ್ಮ? ಇದಿಲ್ದಿದ್ರೆ ಇವತ್ತು ಇಲ್ಲಿ...” ಎಂದು ಅವರು ನನ್ನ ಬರಿಗಾಲು ನೋಡಿದರು.

ಯಾರೆಂದು ಹೇಳಿದೆ. ಅವತ್ತು ಸಂಜೆ ಆ ಐದು ಜನ ಹೆಂಗಸರೂ ನಾನೂ ಎಂದಿನಂತೆ ಕೈಕಾಲು ತೊಳೆದುಕೊಂಡು, ಹರಟುತ್ತಾ, ನಮ್ಮ ನಮ್ಮ ಮನೆಗೆ ನಡೆದು ಹೋದೆವು.